ಮೈಲಿಗೆ ಕಡೆ

ನಗು ಶುರುವಾದದ್ದು ಸೋಮವಾರ ಬೆಳಿಗ್ಗೆ, ಹೇಲಿನ ಬಟ್ಟೆಯ ಗಂಟು ಬಿಚ್ಚುವ ಕೋಣೆಯಲ್ಲಿ.

ಆರ್ನೆಟಾ ಗಿಬ್ಸ್ ಮೊಣಕೈವರೆಗೆ ಕೈಗವಸು ಏರಿಸಿಕೊಂಡು ನಾಲ್ಕನೇ ಮಹಡಿಯ ಚೀಲವನ್ನು ಮೇಜಿನ ಮೇಲೆ ಸುರಿದಿದ್ದಳು. ಎರಿ ಸರೋವರದ ದಂಡೆಯ ಆ ಆಸ್ಪತ್ರೆ ನಿವೃತ್ತ ಸೈನಿಕರದು, ಕೇಂದ್ರ ಸರ್ಕಾರದ್ದು. ದೇಶಕ್ಕಾಗಿ ಬಂದೂಕು ಹಿಡಿದಿದ್ದ ಮುದುಕರು ಅಲ್ಲಿ ಹಾಸಿಗೆಯಲ್ಲೇ ಎಲ್ಲ ಮಾಡಿಕೊಳ್ಳುತ್ತಿದ್ದರು. ಅದೆಲ್ಲ ನೆಲಮಾಳಿಗೆಗೆ ಇಳಿಯುತ್ತಿತ್ತು. ಆರ್ನೆಟಾ ಅದನ್ನು ಕೊಡವಬೇಕು. ಹೇಲಿನದು ಬೇರೆ, ರಕ್ತದ್ದು ಬೇರೆ ಮಾಡಬೇಕು. ಮಡಿಕೆಯೊಳಗೆ ಉಳಿದ ಸೂಜಿ, ಕಟ್ಟಿಸಿದ ಹಲ್ಲು, ಕನ್ನಡಕ ಆರಿಸಿ ತೆಗೆಯಬೇಕು. ಒದ್ದೆ ಗಂಟನ್ನು ಎದೆಗೆ ಒತ್ತಿ ಹಿಡಿದು ಯಂತ್ರದ ಬಾಯಿಗೆ ತುರುಕಬೇಕು. ಹದಿನೆಂಟು ವರ್ಷ ಇದನ್ನೇ ಮಾಡಿದ್ದಳು. ಸೊಂಟ ಹೋಗಿತ್ತು. ಮೊಣಕಾಲು ಹೋಗಿತ್ತು. ಮೂಗು ಮಾತ್ರ ಹಾಳಾಗದೆ ಹಾಗೇ ಉಳಿದಿತ್ತು, ಅದೇ ಅವಳ ದುರದೃಷ್ಟ.

ಮೇಲ್ವಿಚಾರಕ ಟಿಮ್ ಹ್ಯಾಡ್ಲಿ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಅವನು ಎಂದೂ ಬಂದವನಲ್ಲ. ಮೂಗಿಗೆ ತೋಳು ಅಡ್ಡ ಹಿಡಿದು ಫೋನು ನೋಡಿಕೊಂಡು ಓದಿದ. ಸರ್ಕಾರ ದೇಶದಾದ್ಯಂತ ನೌಕರರನ್ನು ಕಡಿಮೆ ಮಾಡುತ್ತಿದೆ. ಈ ಆಸ್ಪತ್ರೆಯಲ್ಲೂ ಮಾಡುತ್ತದೆ. ಎಲ್ಲರ ಸೇವೆಗೂ ಸರ್ಕಾರ ಕೃತಜ್ಞವಾಗಿದೆ.

"ನಮ್ಮನ್ನೂ ತೆಗೀತಾರಾ?" ಎಂದಳು ಆರ್ನೆಟಾ.

"ಯಾರನ್ನ ಅಂತ ಗೊತ್ತಿಲ್ಲ. ಅಗತ್ಯ ಇಲ್ಲದ ಕೆಲಸಗಳನ್ನ ತೆಗೀತಾರಂತೆ."

ಆರ್ನೆಟಾ ತನ್ನ ಕೈ ನೋಡಿಕೊಂಡಳು. ಕೈಯಲ್ಲಿ ಯಾರೋ ಮಾಜಿ ನಾವಿಕನ ಇಡೀ ಭಾನುವಾರ ಇತ್ತು. ಅವಳಿಗೆ ನಗು ಬಂತು. ಗಾಡಿ ತಳ್ಳುವ ಕ್ಲೀವ್‌ಗೂ ಬಂತು. ಅವನೂ ಸೈನ್ಯದಲ್ಲಿದ್ದವನು, ಒಂದು ಕಾಲು ಪ್ಲಾಸ್ಟಿಕ್ಕಿನದು, ಈಗ ಕಾರ್ಮಿಕ ಸಂಘದ ಆಳು.

"ಹೋದ ವಾರ ತಾನೇ ಮೇಲಿಂದ ಕೇಳಿದ್ರಲ್ಲ," ಎಂದ ಕ್ಲೀವ್. "ವಾರದಲ್ಲಿ ಮಾಡಿದ ಐದು ಸಾಧನೆ ಬರೀರಿ ಅಂತ. ನೀನು ಏನು ಬರ್ದೆ?"

"ಹೇಲು ತೆಗೆದೆ. ಐದು ಸಲ ಬರ್ದೆ."

"ಅದಕ್ಕೇ ಕಣೇ. ಸ್ವಲ್ಪ ವೈವಿಧ್ಯ ಇರ್ಬೇಕಿತ್ತು."

ಟಿಮ್ ಹೋದ ಮೇಲೂ ಇಬ್ಬರೂ ಗಾಡಿ ಹಿಡಿದುಕೊಂಡು ನಕ್ಕರು. ಗೋಡೆಯ ಆಚೆಯವರು ಕಿಂಡಿಗೆ ಬಂದು ಏನೆಂದು ಕೇಳಿದರು. ಕೇಳಿ ಅವರೂ ನಕ್ಕರು. ಭಯಕ್ಕೆ ಬೇರೆ ದಾರಿ ಸಿಗದಿದ್ದರೆ ಅದು ನಗುವಿನ ದಾರಿ ಹಿಡಿಯುತ್ತದೆ.

ಆ ಗೋಡೆಯ ಬಗ್ಗೆ ಹೇಳಬೇಕು. ಈಚೆ ಕೊಳೆ ಬಟ್ಟೆ, ಆಚೆ ಒಗೆದ ಬಟ್ಟೆ. ನಡುವೆ ಗೋಡೆ, ಗೋಡೆಗೆ ಒಂದು ಗಾಜಿನ ಕಿಂಡಿ. ಕನ್ನಡದಲ್ಲಿ ಇದಕ್ಕೆ ಹೆಸರು ಹುಡುಕಬೇಕಿಲ್ಲ: ಇದು ಮೈಲಿಗೆ ಕಡೆ, ಅದು ಮಡಿ ಕಡೆ. ಮಡಿ ಬಟ್ಟೆ ಮುಟ್ಟುವವರು ಮೈಲಿಗೆ ಕಡೆ ಕಾಲಿಡುವಂತಿಲ್ಲ, ರೋಗ ಹಬ್ಬೀತು. ಹಾಗೆಂದು ಬಾಗಿಲಿನ ಮೇಲೆ ಕೆಂಪಕ್ಷರದ ಫಲಕವಿತ್ತು. ಕೆಳಗೆ ಐದನೇ ಮಹಡಿಯ ಗುಣಮಟ್ಟದ ಅಧಿಕಾರಿ ಬ್ರೆಂಟ್ ವಿಟ್ಲಾಕ್ ಅವರ ಸಹಿ. ಮೈಲಿಗೆ ಕಡೆ ಒಂದು ಕಾಲಕ್ಕೆ ನಾಲ್ವರಿದ್ದರು. ಒಬ್ಬೊಬ್ಬರೇ ನಿವೃತ್ತರಾದರು, ಸತ್ತರು. ಜಾಗ ತುಂಬಲಿಲ್ಲ. ಈಗ ಆರ್ನೆಟಾ ಒಬ್ಬಳೇ. ಕ್ಲೀವ್ ಚೀಲ ತಂದು ಹಾಕುತ್ತಾನೆ. ಬಿಚ್ಚುವುದು ಅವನ ಕೆಲಸವಲ್ಲ. ಕಾಲಿನ ಹುಣ್ಣು ಆರಿಲ್ಲವೆಂದು ವೈದ್ಯರೇ ಬಿಚ್ಚಬೇಡ ಎಂದಿದ್ದರು.

ಯಾರನ್ನು ತೆಗೆಯುತ್ತಾರೆಂಬುದು ಬುಧವಾರ ತಿಳಿಯಿತು. ಊಟದ ಹೊತ್ತಿಗೆ ಕ್ಲೀವ್ ಸಂಘದ ಕಚೇರಿಯಿಂದ ಬಂದು ಮೇಜಿನ ಮೇಲೆ ಐದು ಕಾಫಿ ಲೋಟ ಸಾಲಾಗಿ ಇಟ್ಟ.

"ಕೇಳ್ರಪ್ಪ. ಹೋಗೋದು ಒಂದೇ ಹುದ್ದೆ. ವಿಟ್ಲಾಕ್‌ದು."

ಮಡಿ ಕಡೆಯ ಹೆಂಗಸರು ಚಪ್ಪಾಳೆ ತಟ್ಟಿದರು.

"ತಡೀರಿ. ಸರ್ಕಾರಿ ಕೆಲಸದಲ್ಲಿ ಹುದ್ದೆ ಹೋದ್ರೆ ಮನುಷ್ಯ ಹೋಗಲ್ಲ. ಸೇವೆ ಹೆಚ್ಚಾಗಿದ್ರೆ ತನ್ನ ಕೆಳಗಿನವರ ಕುರ್ಚಿ ಕಿತ್ಕೊಳ್ಳೋ ಹಕ್ಕಿದೆ. ವಿಟ್ಲಾಕ್ ಉಗ್ರಾಣದ ಅಧಿಕಾರಿ ಕುರ್ಚಿಗೆ ಬರ್ತಾನೆ." ಒಂದು ಲೋಟವನ್ನು ಸರಿಸಿ ಇನ್ನೊಂದರ ಜಾಗದಲ್ಲಿಟ್ಟ. "ಉಗ್ರಾಣದವನು ಟಿಮ್ ಕುರ್ಚಿಗೆ. ಟಿಮ್ ಆರ್ನೆಟಾ ಜಾಗಕ್ಕೆ."

"ಟಿಮ್ಮಾ? ಇಲ್ಲಿಗಾ?" ಆರ್ನೆಟಾಳ ಬಾಯಿಂದ ಸೂಪು ಹೊರಗೆ ಬಂತು. ಟಿಮ್ ಚೀಲ ಬಿಚ್ಚುವುದನ್ನು ನೆನೆದು ಎಲ್ಲರೂ ಮೇಜು ಬಡಿದರು. ಮಡಿ ಕಡೆಯ ಲವೋನ್ ಎದ್ದು ನಿಂತು ಮೂಗಿಗೆ ತೋಳು ಹಿಡಿದು ಟಿಮ್‌ನ ಹಾಗೆ ನಡೆದು ತೋರಿಸಿದಳು. ಎರಡು ಬೆರಳಿನಲ್ಲಿ ಕರವಸ್ತ್ರ ಎತ್ತಿ, ವಾಂತಿ ಬಂದವಳಂತೆ ಓಡಿದಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

"ಆಮೇಲೆ? ಮಿಸ್ ಆರ್ನೆಟಾ ಎಲ್ಲಿಗೆ ಹೋಗ್ತಾರೆ?" ಎಂದಳು ಲವೋನ್, ಇನ್ನೂ ಏದುತ್ತ.

ಕ್ಲೀವ್ ಕೊನೆಯ ಲೋಟ ಎತ್ತಿದ. ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. "ನಿನ್ನ ಜಾಗಕ್ಕೆ, ಮಗಳೇ," ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದನ್ನೇ. ಐದನೇ ಮಹಡಿಯಲ್ಲಿ ಒಬ್ಬ ಜಾರಿದ. ಅವನು ಬೀಳಲಿಲ್ಲ. ಕೆಳಗಿನವನ ಹೆಗಲ ಮೇಲೆ ಕಾಲಿಟ್ಟ. ಆ ಕೆಳಗಿನವನು ತನ್ನ ಕೆಳಗಿನವನ ಮೇಲೆ. ನೆಲಮಾಳಿಗೆಯಲ್ಲಿ ಹಾಸುಬಟ್ಟೆ ಮಡಚುವ ಲವೋನ್ ಕೆಳಗೆ ಯಾರೂ ಇರಲಿಲ್ಲ. ಅವಳ ಕೆಳಗಿದ್ದದ್ದು ಬೀದಿ.

ಲವೋನ್‌ಗೆ ಮೂವತ್ತೂ ಆಗಿರಲಿಲ್ಲ. ಗಂಡ ಇಲ್ಲ. ಮಗಳಿಗೆ ಉಬ್ಬಸ. ಅವಳನ್ನು ಈ ಕೆಲಸಕ್ಕೆ ತಂದವಳೇ ಆರ್ನೆಟಾ. ಚರ್ಚಿನ ಅಡುಗೆಮನೆಯಲ್ಲಿ ಸಿಕ್ಕವಳನ್ನು ಕೈಹಿಡಿದು ಕರೆತಂದಿದ್ದಳು. ಅಂದಿನಿಂದ ಲವೋನ್ ಬಾಯಲ್ಲಿ ಅವಳು ಗೌರವದ 'ಮಿಸ್ ಆರ್ನೆಟಾ'. ಆರ್ನೆಟಾಗೆ ಐವತ್ತೆಂಟು. ಇನ್ನೆರಡು ವರ್ಷ ನಿಂತರೆ ಪಿಂಚಣಿ, ಸಾಯುವತನಕ ಆಸ್ಪತ್ರೆಯ ವಿಮೆ. ಗಂಡ ಲೂಥರ್‌ನ ಎದೆಯ ಮಾತ್ರೆ, ಅವಳ ಸಕ್ಕರೆ ಕಾಯಿಲೆಯ ಸೂಜಿಮದ್ದು, ಎರಡೂ ಆ ವಿಮೆಯಲ್ಲೇ ನಡೆಯುತ್ತಿದ್ದವು.

"ಮಡಚೋದು ಸುಲಭ," ಎಂದಳು ಲವೋನ್. "ಮಿಸ್ ಆರ್ನೆಟಾ, ನಿಮಗೆ ಸೊಂಟಕ್ಕೂ ಒಳ್ಳೇದು. ಕೂತ್ಕೊಂಡೇ ಮಾಡಬಹುದು." ಆಮೇಲೆ ಮತ್ತೆ ಟಿಮ್‌ನ ಹಾಗೆ ನಡೆದು ತೋರಿಸಿದಳು. ಎಲ್ಲರೂ ಮೊದಲಿಗಿಂತ ಜೋರಾಗಿ ನಕ್ಕರು. ಆರ್ನೆಟಾ ಅವಳ ಮುಖ ನೋಡಲಿಲ್ಲ.

ಸರ್ಕಾರದ ಹಣದಲ್ಲಿ ಕೇಕ್ ತರುವಂತಿಲ್ಲ. ಅದು ಕಾನೂನು. ಹೋಗುವವರಿಗೆ ಕೇಕ್ ಕತ್ತರಿಸಬೇಕೆಂದರೆ ಉಳಿಯುವವರು ಕೈಯಿಂದ ಹಾಕಬೇಕು. ಅದಕ್ಕೊಂದು ಲಕೋಟೆ ಕೈಯಿಂದ ಕೈಗೆ ಸುತ್ತುತ್ತದೆ, ಜೊತೆಗೆ ಎಲ್ಲರೂ ಒಂದು ಸಾಲು ಬರೆದು ಸಹಿ ಹಾಕುವ ಕಾರ್ಡು. ಹೋಗುವವರ ಕೈಗೆ ಮಾತ್ರ ಅದು ಸಿಗದ ಹಾಗೆ ನೋಡಿಕೊಳ್ಳುವುದು ಅಲ್ಲಿನವರ ಮರ್ಯಾದೆ. ಟಿಮ್‌ಗೆ ಆತುರ. ಲವೋನ್ ಜಾಗಕ್ಕೆ ಹೋಗಲು ಆರ್ನೆಟಾ ಇನ್ನೂ ಹೂಂ ಎಂದಿರಲಿಲ್ಲ, ಊಹೂಂ ಎಂದಿರಲಿಲ್ಲ. ಗುರುವಾರವೇ ಲಕೋಟೆ ಹೊರಡಿಸಿಬಿಟ್ಟ. ಮಡಿ ಕಡೆಯ ಮೊದಲ ಮೇಜಿನ ಮೇಲೆ ಇಟ್ಟು ಹೋದ. ಆ ಮೇಜು ಲವೋನ್‌ದು.

ಆರ್ನೆಟಾ ಗಾಜಿನ ಕಿಂಡಿಯಿಂದ ನೋಡಿದಳು. ಲವೋನ್ ಕಾರ್ಡು ಬಿಚ್ಚಿದಳು. ಓದಿದಳು. ಕೈ ಒರೆಸಿಕೊಂಡು ಜೇಬಿನಿಂದ ಒಂದು ನೋಟು ತೆಗೆದು ಲಕೋಟೆಗೆ ಹಾಕಿದಳು. ಪೆನ್ನು ಕೇಳಿ ಪಡೆದು ಏನೋ ಬರೆದು, ಪಕ್ಕದವಳಿಗೆ ದಾಟಿಸಿದಳು. ಪಕ್ಕದವಳು ಕೂಗಿ ಓದಿದಳು: "ಲವೋನ್, ನೀನಿಲ್ಲದೆ ನನಗೆ ತುಂಬ ಬೇಜಾರಾಗುತ್ತೆ. ಇಂತಿ ಲವೋನ್."

ಆ ಕಡೆ ನಗುವಿನ ಹುಯಿಲೆದ್ದಿತು. ಒಬ್ಬಳು ನೆಲಕ್ಕೆ ಕುಸಿದು ಕೂತು ನಕ್ಕಳು. ಲವೋನ್ ಕೂಡ ನಕ್ಕಳು. ನಗುತ್ತಲೇ ಬಿಸಿ ಹಾಸುಬಟ್ಟೆಯೊಂದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಬಟ್ಟೆ ಕೆಳಗಿಳಿಸಿದಾಗ ಅದು ಒದ್ದೆಯಾಗಿತ್ತು. ಅದನ್ನು ಮತ್ತೆ ಒಗೆಯಲು ಬೇರೆ ಇಟ್ಟು, ಇನ್ನೊಂದನ್ನು ಮಡಚಲು ತೆಗೆದುಕೊಂಡಳು.

ಆರ್ನೆಟಾಳ ಮೈಯೆಲ್ಲ ಉರಿಯಿತು. ಟಿಮ್ ಮೇಲೆ ಉರಿಯಿತು. ತನ್ನ ಮೇಲೆ ಇನ್ನೂ ಹೆಚ್ಚು ಉರಿಯಿತು, ಯಾಕೆಂದರೆ ನಿನ್ನೆಯಿಂದ ಅವಳು ಒಳಗೊಳಗೇ ಮಡಚುವ ಮೇಜಿನ ಕುರ್ಚಿಯನ್ನು ನೆನೆಯುತ್ತಿದ್ದಳು. ಬೆನ್ನಿಗೆ ಆಸರೆ ಇರುವ ಕುರ್ಚಿ ಅದು.

ಶುಕ್ರವಾರ ಅವಳನ್ನು ಐದನೇ ಮಹಡಿಗೆ ಕರೆದರು. ಸಿಬ್ಬಂದಿ ವಿಭಾಗದ ಮಿಸ್ ಪ್ರಿಚರ್ಡ್ ಎದ್ದು ನಿಂತು ಕೈಕುಲುಕಲು ಹೋದಳು, ಅರ್ಧದಲ್ಲಿ ನಿಲ್ಲಿಸಿ ಕುರ್ಚಿ ತೋರಿಸಿದಳು. ಕುಳಿತ ಮೇಲೆ ತನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು. ಆರ್ನೆಟಾಗೆ ಇದು ಹೊಸದಲ್ಲ. ಬಸ್ಸಿನಲ್ಲೂ ಹೀಗೇ ಸರಿಯುತ್ತಾರೆ.

"ಮಿಸೆಸ್ ಗಿಬ್ಸ್, ನಿಮಗೆ ಒಳ್ಳೇ ಸುದ್ದಿ. ನೀವು ಉಳ್ಕೊಳ್ತೀರಿ. ಮಡಚೋ ವಿಭಾಗಕ್ಕೆ ಹೋಗ್ತೀರಿ."

"ಲವೋನ್?"

"ಅವರು ಎಲ್ಲಿಗೆ ಹೋಗ್ತಾರೆ ಅನ್ನೋದು ನಿಮ್ಮ ಚಿಂತೆ ಅಲ್ಲ. ಇದು ನಿಮ್ಮ ಹಕ್ಕು."

"ವಿಟ್ಲಾಕ್ ಅವರ ಹುದ್ದೆ ತಾನೇ ಬೇಡವಾಗಿದ್ದು? ಅವರಿಗೆ ಕೇಕ್ ತಂದ್ರಾ?"

"ಅವರೇನು ಹೋಗ್ತಾ ಇಲ್ವಲ್ಲ."

ಅಷ್ಟು ಮುಗ್ಧವಾಗಿ ಹೇಳಿದಳು. ಆರ್ನೆಟಾಗೆ ಹೊಟ್ಟೆಯ ಆಳದಿಂದ ನಗು ಉಕ್ಕಿ ಬಂತು. ತಡೆಯಲು ಬಾಯಿಗೆ ಕೈ ಹಿಡಿದಳು. ಬೆರಳ ಸಂದಿಯಿಂದ ಬಂತು. ಪ್ರಿಚರ್ಡ್ ನೀರು ಬೇಕಾ ಎಂದು ಕೇಳಿದಳು.

"ಬೇಡ," ಎಂದಳು ಆರ್ನೆಟಾ.

"ಸರಿ, ಹಾಗಾದ್ರೆ ಇಲ್ಲಿ ಸಹಿ..."

"ನೀರಲ್ಲ. ಲವೋನ್ ಕುರ್ಚಿ ಬೇಡ."

ಪ್ರಿಚರ್ಡ್ ಕನ್ನಡಕ ತೆಗೆದಳು. "ಮಿಸೆಸ್ ಗಿಬ್ಸ್, ಸರಿಯಾಗಿ ಕೇಳಿಸ್ಕೊಳ್ಳಿ. ನಿಮ್ಮ ಜಾಗಕ್ಕೆ ಟಿಮ್ ಬರೋದು ಖಚಿತ. ನೀವು ಇದನ್ನ ಬೇಡ ಅಂದ್ರೆ ನಿಮಗೆ ಕೆಲಸ ಇಲ್ಲ. ಪರಿಹಾರವೂ ಇಲ್ಲ. ವಿಮೆ ಹೋಗುತ್ತೆ. ಯೋಚನೆ ಮಾಡಿ."

"ಮಾಡ್ದೆ. ಹದಿನೆಂಟು ವರ್ಷ ಈ ಕಟ್ಟಡದಲ್ಲಿ ಎಲ್ಲರ ಹೇಲೂ ತೆಗ್ದಿದೀನಿ. ನಿಮ್ಮ ಈ ಹೇಲನ್ನ ಮಾತ್ರ ತೆಗೆಯಲ್ಲ. ಅವಳನ್ನ ಬೀದಿಗೆ ಹಾಕೋದಾದ್ರೆ ನೀವೇ ಕೆಳಗೆ ಬಂದು ಹಾಕಿ. ನನ್ನ ಕೈಯಿಂದ ಮಾಡಿಸ್ಬೇಡಿ."

ಗುರುತಿನ ಬಿಲ್ಲೆಯನ್ನು ಕುತ್ತಿಗೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಲಿಫ್ಟಿನಲ್ಲಿ ಒಬ್ಬಳೇ ಇದ್ದಳು. ಹೆದರಿಕೆಯಾಗಿತ್ತು, ನಿಜವಾದ ಹೆದರಿಕೆ. ಅದರ ಜೊತೆಗೆ ತಲೆ ಹಗುರಾಗಿ, ಹೆಂಡ ಕುಡಿದವಳಂತೆ, ಸುಮ್ಮಸುಮ್ಮನೆ ನಗು. ಐದು ಮಹಡಿ ಇಳಿಯುವತನಕ ನಕ್ಕಳು.

ಲವೋನ್ ಮಾತ್ರ ನಗಲಿಲ್ಲ. ಬಸ್ ನಿಲ್ದಾಣದವರೆಗೆ ಓಡಿ ಬಂದು ಅಡ್ಡ ನಿಂತಳು. "ನಾನು ಕೇಳಿದ್ನಾ? ನಿಮ್ಮನ್ನ ನಾನು ಕೇಳಿದ್ನಾ? ಈಗ ದಿನಾ ನಿಮ್ಮ ಮುಖ ನೆನೆಸ್ಕೊಂಡು ಬೆಡ್‌ಶೀಟ್ ಮಡಚ್ಬೇಕಾ ನಾನು?"

"ನಿನಗೋಸ್ಕರ ಮಾಡ್ಲಿಲ್ಲ ಕಣೇ. ಸುಮ್ನೆ ನಿನ್ನನ್ನ ನೀನು ದೊಡ್ಡದು ಮಾಡ್ಕೋಬೇಡ. ಅವರು ನನ್ನ ಕೈಲಿ ಚಾಕು ಕೊಟ್ರು, ನಾನು ವಾಪಸ್ ಕೊಟ್ಟೆ. ಅಷ್ಟೇ."

"ಲೂಥರ್ ಅವರಿಗೆ ಏನು ಹೇಳ್ತೀರಿ?"

ಆರ್ನೆಟಾ ಬಸ್ಸು ಹತ್ತಿದಳು. ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಲೂಥರ್ ಟಿವಿ ಆರಿಸಿದ. ಮಾತ್ರೆಯ ಡಬ್ಬಿ ಅಲ್ಲಾಡಿಸಿ ನೋಡಿದ.

"ಇನ್ನೂ ಇದಾವೆ," ಎಂದ. "ಸಾಯೋದನ್ನ ಸ್ವಲ್ಪ ಮುಂದಕ್ಕೆ ಹಾಕೋಣ ಬಿಡು. ಇವತ್ತು ಊಟಕ್ಕೇನು?"

ಆಗ ಅವಳು ಅತ್ತಳು.

ಇಷ್ಟೇ ಆಗಿದ್ದರೆ ಇದು ದುಃಖದ ಕಥೆಯಾಗುತ್ತಿತ್ತು. ಆದರೆ ಮೂರ್ಖರ ಕೈಯಲ್ಲಿ ಅಧಿಕಾರವಿದ್ದರೆ ದುಃಖವೂ ನೆಟ್ಟಗೆ ನಡೆಯುವುದಿಲ್ಲ. ಮರುವಾರವೇ ಯಾರೋ ನ್ಯಾಯಾಧೀಶರು ತಡೆ ಕೊಟ್ಟರು. ವಿಟ್ಲಾಕ್ ಹುದ್ದೆ ತೆಗೆದದ್ದು ಸರಿಯಲ್ಲ, ವಾಪಸ್ ಕೊಡಿ ಎಂದರು. ವಿಟ್ಲಾಕ್ ತನ್ನ ಕುರ್ಚಿಗೆ ಏರಿದ. ಉಗ್ರಾಣದವನು ಉಗ್ರಾಣಕ್ಕೆ ಏರಿದ. ಟಿಮ್ ಇನ್ನೂ ಕೈಗವಸು ಸಹ ಹಾಕಿರಲಿಲ್ಲ, ಅವನೂ ಏರಿದ. ಎಲ್ಲರೂ ಒಬ್ಬರ ಹಿಂದೊಬ್ಬರು ತಮ್ಮ ತಮ್ಮ ಜಾಗಕ್ಕೆ ಹೋದರು. ಆರ್ನೆಟಾಗೆ ಮಾತ್ರ ಹೋಗಲು ಜಾಗವಿರಲಿಲ್ಲ. ಅವಳನ್ನು ಯಾರೂ ತೆಗೆದಿರಲಿಲ್ಲವಲ್ಲ, ಅವಳೇ ಬೇಡವೆಂದದ್ದು. ಪ್ರಿಚರ್ಡ್ ಫೋನು ಮಾಡಿ ತುಂಬ ವಿಷಾದದಿಂದ ಇದನ್ನು ವಿವರಿಸಿದಳು. ಅವಳ ಹುದ್ದೆ ಖಾಲಿ ಇದೆ. ಆದರೆ ಖಾಲಿ ಹುದ್ದೆ ಯಾವುದನ್ನೂ ತುಂಬಬಾರದೆಂದು ಸರ್ಕಾರದ ಆಜ್ಞೆಯಿದೆ.

"ಹಾಗಾದ್ರೆ ಬಟ್ಟೆ ಯಾರು ಬಿಚ್ತಾರೆ?" ಎಂದಳು ಆರ್ನೆಟಾ.

ಪ್ರಿಚರ್ಡ್ ಅದನ್ನು ಯೋಚಿಸಿರಲಿಲ್ಲ.

ಯಾರೂ ಬಿಚ್ಚಲಿಲ್ಲ. ಕೇಂದ್ರ ಸರ್ಕಾರದ ನೌಕರರು ಮುಷ್ಕರ ಮಾಡುವಂತಿಲ್ಲ, ಮಾಡಿದರೆ ಜೈಲು. ಇವರು ಮುಷ್ಕರ ಮಾಡಲಿಲ್ಲ. ಸಮಯಕ್ಕೆ ಸರಿಯಾಗಿ ಬಂದರು. ಕ್ಲೀವ್ ಚೀಲಗಳನ್ನು ತಂದು ಮೈಲಿಗೆ ಕಡೆ ಸುರಿದ, ಅದು ಅವನ ಕೆಲಸ. ಲವೋನ್ ಮತ್ತು ಉಳಿದವರು ಮಡಿ ಕಡೆ ಮೇಜಿನ ಮುಂದೆ ಕೈಕಟ್ಟಿ ನಿಂತರು, ಮಡಚಲು ಸಿದ್ಧರಾಗಿ. ಟಿಮ್ ಬಂದು ಗೋಗರೆದ. ಲವೋನ್ ಕೆಂಪಕ್ಷರದ ಫಲಕ ತೋರಿಸಿದಳು.

ದಿನಾ ರಾತ್ರಿಯೂಟದ ಹೊತ್ತಿಗೆ ಲವೋನ್ ಫೋನು ಮಾಡುತ್ತಿದ್ದಳು. ಸಿಟ್ಟು ಇಳಿದಿತ್ತು, ಮಾತು ಮುಗಿಯುವಷ್ಟರಲ್ಲಿ ಇಬ್ಬರಿಗೂ ಉಸಿರು ಸಿಗುತ್ತಿರಲಿಲ್ಲ.

"ಮಿಸ್ ಆರ್ನೆಟಾ, ಚೀಲ ಕಿಂಡಿವರೆಗೂ ಬಂದ್ವು. ನಮಗೆ ಆ ಕಡೆ ಬೆಳಕೇ ಕಾಣಲ್ಲ ಈಗ."

"ವಾಸನೆ?"

"ವಾಸನೆ ಲಿಫ್ಟ್ ಹತ್ತಿದೆ. ಐದನೇ ಮಹಡಿಗೆ ಹೋಗಿದೆಯಂತೆ, ಅಪಾಯಿಂಟ್‌ಮೆಂಟ್ ಇಲ್ದೇನೇ."

"ಮುದುಕರ ಕಥೆ ಏನೇ?" ಅವಳಿಗೆ ಚುಚ್ಚುತ್ತಿದ್ದದ್ದು ಅದೊಂದೇ.

"ಕಾಗದದ ಹಾಸು ಹಾಕಿದಾರೆ. ಮಗ್ಗುಲಾದ್ರೆ ಪರಪರ ಸದ್ದು. ಮೂರನೇ ಮಹಡಿಯ ಓಕ್ಸ್ ತಾತ ಹೇಳಿದ್ರಂತೆ, ಕೊರಿಯಾದಲ್ಲಿ ಹಿಮದ ಮೇಲೆ ಮಲಗಿದ್ದೆ, ಅದೇ ವಾಸಿ ಅಂತ. ಡೈರೆಕ್ಟರನ್ನ ಕರೀರಿ ಅಂತ ಗಲಾಟೆ ಮಾಡ್ತಿದಾರೆ. ನಿಮ್ಮ ಹೆಸರು ಹಿಡಿದು ಕೇಳಿದ್ರಂತೆ."

ಓಕ್ಸ್‌ನ ಕಟ್ಟಿದ ಹಲ್ಲನ್ನು ಆರ್ನೆಟಾ ಎಷ್ಟು ಸಲ ಬಟ್ಟೆಯಿಂದ ಆರಿಸಿ, ತೊಳೆದು, ಮೇಲೆ ಕಳಿಸಿದ್ದಳೋ. ಮುಖ ನೋಡಿರಲಿಲ್ಲ. ಹಲ್ಲು ಗೊತ್ತಿತ್ತು.

ಮಾರನೇ ದಿನ ಟಿಮ್‌ನ ಫೋನು. ಗುತ್ತಿಗೆಯ ಮೇಲೆ ಬಾ ಎಂದ. ಅರ್ಧ ಸಂಬಳ, ವಿಮೆ ಇಲ್ಲ, ಪಿಂಚಣಿ ಇಲ್ಲ. "ನಿನಗೂ ಕಷ್ಟ ಅಂತ ಗೊತ್ತು ಆರ್ನೆಟಾ. ಅದಕ್ಕೇ ನಾನೇ ಮಾತಾಡಿ ಮಾಡಿಸಿದೀನಿ."

ಲೂಥರ್ ಎದುರಿಗೇ ಕೂತಿದ್ದ. ಮಾತ್ರೆಯ ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದಳು. ನಿಜ, ತೆರೆದಿದ್ದಳು. ಆಗ ಫೋನಿನ ಆಚೆ ಟಿಮ್‌ಗೆ ಓಕರಿಕೆ ಬಂದ ಸದ್ದು ಕೇಳಿಸಿತು. ಕಚೇರಿಯಲ್ಲಿ ಕೂತೇ ಮಾತಾಡುತ್ತಿದ್ದ, ಪಾಪ.

"ಟಿಮ್, ಮೂಗಿಂದ ಉಸಿರಾಡ್ಬೇಡ, ಬಾಯಿಂದ ಆಡು," ಎಂದಳು. "ನನ್ನ ಕೆಲಸ ನನಗೆ ಹೇಗಿತ್ತೋ ಹಾಗೇ ಕೊಡು. ಒಂದು ದಿನದ ಸೇವೆನೂ ಕಡಿಮೆ ಆಗ್ಬಾರ್ದು. ಅಲ್ಲಿವರೆಗೆ ನಿಮ್ಮ ಬಟ್ಟೆ ನೀವೇ ಬಿಚ್ಕೊಳ್ಳಿ." ಫೋನು ಇಟ್ಟಳು. ಲೂಥರ್ ಅವಳ ಮುಂದೆ ಕಾಫಿ ತಂದಿಟ್ಟ.

ಎರಡು ದಿನ ಕಳೆದು ಕ್ಲೀವ್ ಫೋನು ಮಾಡಿದ. "ಬಟ್ಟೆ ಹಾಕ್ಕೊಂಡು ಈಗ್ಲೇ ಬಾ. ಸಾಮಾನು ಇಳಿಸೋ ಬಾಗಿಲ ಹತ್ರ ಬಾ. ಕೇಳ್ಬೇಡ, ಬಾ."

ಸರೋವರದ ಗಾಳಿ ಮುಖ ಕೊಯ್ಯುತ್ತಿತ್ತು. ಲಾರಿ ನಿಲ್ಲುವ ಕಟ್ಟೆಯ ಮೇಲೆ ಲವೋನ್ ಮತ್ತು ಮಡಿ ಕಡೆಯವರೆಲ್ಲ ಕೋಟು ಹೊದ್ದು ನಿಂತಿದ್ದರು. ಅದು ಅವರ ಕಾಫಿಯ ಬಿಡುವು, ಹಕ್ಕಿನದು. ಮೈಲಿಗೆ ಕಡೆಯ ಬಾಗಿಲು ವಾಸನೆ ಹೋಗಲೆಂದು ಪೂರ್ತಿ ತೆರೆದಿತ್ತು. ಆರ್ನೆಟಾ ಒಳಗೆ ಇಣುಕಿದಳು.

ಹಳದಿ ನಿಲುವಂಗಿ ತೊಟ್ಟು ನಾಲ್ವರು ಮೇಜಿನ ಮುಂದೆ ನಿಂತಿದ್ದರು. ಮಡಿ ಬಟ್ಟೆ ಮುಟ್ಟುವವರು ಆ ಕಡೆ ಬರುವಂತಿಲ್ಲ. ನರ್ಸುಗಳು ಬರುವಂತಿಲ್ಲ. ಅಡುಗೆಯವರು ಬರುವಂತಿಲ್ಲ. ಫಲಕದ ಪ್ರಕಾರ ಆ ಕಟ್ಟಡದಲ್ಲಿ ಏನನ್ನೂ ಮುಟ್ಟದೆ ಕೆಲಸ ಮಾಡುವವರು ಮಾತ್ರ ಬರಬಹುದಿತ್ತು. ಹಾಗಾಗಿ ವಿಟ್ಲಾಕ್ ಬಂದಿದ್ದ. ಉಗ್ರಾಣದವನು ಬಂದಿದ್ದ. ಟಿಮ್ ಬಂದಿದ್ದ. ತುದಿಯಲ್ಲಿ ಮಿಸ್ ಪ್ರಿಚರ್ಡ್. ವಿಟ್ಲಾಕ್ ಒಂದು ಚೀಲದ ಗಂಟು ಬಿಚ್ಚಿ, ಮುಖ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಕೈ ಒಳಗೆ ಹಾಕಿದ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಕೈ ಹೊರಗೆ ಬಂದಾಗ ಅದರಲ್ಲಿ ಒಂದು ಜೊತೆ ಹಲ್ಲು ಇತ್ತು.

ಕಟ್ಟೆಯ ಮೇಲಿದ್ದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಕ್ಲೀವ್ ಗೋಡೆಗೆ ಒರಗಿ ನಕ್ಕ. ಆರ್ನೆಟಾ ಮೊಣಕಾಲು ಹಿಡಿದು ಬಗ್ಗಿ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು.

ಪ್ರಿಚರ್ಡ್ ಅವಳನ್ನು ಕಂಡು ಓಡಿ ಬಂದಳು. ಕೈಗವಸು ಕಿತ್ತು ಹಾಕಿ ನಿಲುವಂಗಿಯ ಒಳಗಿನಿಂದ ಕಾಗದ ತೆಗೆದಳು. ಕೂದಲು ಹಣೆಗೆ ಅಂಟಿತ್ತು. ಮೈಯಿಂದ ಆರ್ನೆಟಾಗೆ ಚೆನ್ನಾಗಿ ಪರಿಚಯವಿದ್ದ ವಾಸನೆ ಬರುತ್ತಿತ್ತು. ಆರ್ನೆಟಾ ಹಿಂದಕ್ಕೆ ಸರಿಯಲಿಲ್ಲ.

"ನೀವು ಬೇಡ ಅಂದಿದ್ದೇ ನಡೆದಿಲ್ಲ ಅಂತ ಲೆಕ್ಕ," ಎಂದಳು ಪ್ರಿಚರ್ಡ್. "ಡೈರೆಕ್ಟರ್ ಸಹಿ ಆಗಿದೆ. ಹಳೇ ಕೆಲಸ, ಹಳೇ ಸಂಬಳ, ಸೇವೆ ಎಲ್ಲ ಹಾಗೇ."

"ಲವೋನ್?"

"ಲವೋನ್‌ನ ಯಾರೂ ಮುಟ್ಟಲ್ಲ."

"ಎಷ್ಟು ದಿನದವರೆಗೆ?"

ಪ್ರಿಚರ್ಡ್ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ. ಮುಂದಿನ ತಿಂಗಳು ಮತ್ತೆ ಆಜ್ಞೆ ಬಂದ್ರೂ ಬರಬಹುದು."

"ಬರ್ಲಿ. ಈಗ ನಿಮಗೂ ದಾರಿ ಗೊತ್ತಾಯ್ತಲ್ಲ."

ಆರ್ನೆಟಾ ಕಾಗದವನ್ನು ಎರಡು ಸಲ ಓದಿದಳು. ಲೂಥರ್‌ನ ಡಬ್ಬಿ ನೆನಪಾಯಿತು. ಲವೋನ್ ಬೆನ್ನು ಬಗ್ಗಿಸಿ ನಿಂತಳು. ಅವಳ ಬೆನ್ನ ಮೇಲೆ ಕಾಗದವಿಟ್ಟು ಆರ್ನೆಟಾ ಸಹಿ ಮಾಡಿದಳು. ಲವೋನ್ ನಗುತ್ತಿದ್ದುದರಿಂದ ಸಹಿ ಸೊಟ್ಟಗಾಯಿತು.

ಪ್ರಿಚರ್ಡ್ ನಿಟ್ಟುಸಿರು ಬಿಟ್ಟು ನಿಲುವಂಗಿ ಬಿಚ್ಚತೊಡಗಿದಳು. ಒಳಗೆ ವಿಟ್ಲಾಕ್ ಕೂಡ ಕೈಗವಸು ಎಳೆಯುತ್ತಿದ್ದ. ಅವನ ಹಿಂದೆ ಚೀಲಗಳು ಚಾವಣಿ ಮುಟ್ಟಿದ್ದವು.

ಆರ್ನೆಟಾ ಕಾಗದದ ತಾರೀಕಿನ ಮೇಲೆ ಬೆರಳಿಟ್ಟಳು. ನಾಳೆಯಿಂದ ಜಾರಿ ಎಂದಿತ್ತು. ಕಟ್ಟೆಯ ಮೇಲೆ ಕ್ಲೀವ್ ಪಕ್ಕದಲ್ಲಿ ಕೂತು ಕಾಲು ಚಾಚಿದಳು.

"ಬಿಚ್ಬೇಡಿ, ಮಿಸ್ ಪ್ರಿಚರ್ಡ್," ಎಂದಳು. "ಇವತ್ತಿನ ಪಾಳಿ ನಿಮ್ದು."